ಕೆಸರು ಸೋಸುವ ಹುಳದಕ್ಕ

ಬಂದರಿನ ಜನ ಅವಳನ್ನು ಕರೆಯುವುದು ಹುಳದಕ್ಕ ಎಂದೇ. ಹೆತ್ತವರು ಇಟ್ಟ ಹೆಸರು ಇಲ್ಲವೆಂದಲ್ಲ, ಇದೆ. ಸಂಬಳದ ದಿನ ಸಹಿ ಹಾಕುವಾಗ ಬಿಟ್ಟರೆ ಅದಕ್ಕೆ ಕೆಲಸವಿಲ್ಲ. ಟಿಕೆಟ್ ಕೊಡುವವನಿಗೆ, ಐಸ್‌ಕ್ರೀಮ್ ಗಾಡಿಯವನಿಗೆ, ಮಣಿಸರದ ಅಂಗಡಿಯವಳಿಗೆ, ಎಲ್ಲರಿಗೂ ಅವಳು ಹುಳದಕ್ಕ. "ಏನು ಹುಳದಕ್ಕ, ಇವತ್ತು ಎಷ್ಟು ಹುಳ ಹಿಡಿದ್ರಿ?" ಎಂದು ಯಾರಾದರೂ ಕೆಣಕಿದರೆ, "ನಿನ್ನ ತಲೆಯೊಳಗೆ ಇರೋದಕ್ಕಿಂತ ಒಂದು ಕಮ್ಮಿ" ಎಂದು ನಡೆಯುತ್ತಲೇ ಉತ್ತರ ಎಸೆದು ಹೋಗುವ ಹೆಂಗಸು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರಲ್ಲ, ಆ ಪೈಕಿ. ಆದರೆ ಒಂದು ಮಾತು ಬಂದರೆ ಮಾತ್ರ ಆ ಬಾಯಿ ಮುಚ್ಚಿಹೋಗುತ್ತಿತ್ತು. ಅದು ಗಂಡನ ಮಾತು.

ಮೊದಲು ಅವಳ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ತಿಳಿಯುವುದಿಲ್ಲ. ಬಂದರಿನ ಮೂಲೆಯಲ್ಲಿ, ಹಳೆಯ ಐಸ್ ಕಾರ್ಖಾನೆಯ ಬೆನ್ನಿಗೆ ಅಂಟಿಕೊಂಡ ಹಾಗೆ ಎರಡು ಕೋಣೆಯ ಪ್ರಯೋಗಾಲಯವಿದೆ. ಪ್ರವಾಸಿಗರು ಬಂದರಿನ ಮೇಲುಗಡೆ ನೋಡಿ, ಫೋಟೋ ಹೊಡೆದು, ದೋಣಿ ಹತ್ತಿ ಹೋಗುತ್ತಾರೆ. ಅವರ ದೋಣಿಗಳ ಕೆಳಗೆ, ಕೆಸರಿನೊಳಗೆ ಇನ್ನೊಂದು ಊರೇ ಇದೆಯೆಂದು ಯಾರಿಗೆ ಗೊತ್ತು? ಹುಳುಗಳು, ಉಗುರಿನಷ್ಟು ಚಿಪ್ಪುಗಳು, ಅಕ್ಕಿಕಾಳಿನಷ್ಟು ಏಡಿಗಳು, ಮುಟ್ಟಿದರೆ ಮುರಿಯುವ ಐದು ಕಾಲಿನ ನಕ್ಷತ್ರಗಳು. ಬೆನ್ನುಮೂಳೆ ಇಲ್ಲದ ಬಡಪಾಯಿಗಳು ಎಲ್ಲ. ನೀರು ಕೆಟ್ಟರೆ ಮೀನಾದರೂ ಈಜಿ ಹೋಗುತ್ತದೆ. ಇವು ಎಲ್ಲಿಗೆ ಹೋಗಬೇಕು? ಇದ್ದಲ್ಲೇ ಇದ್ದು, ಬಂದದ್ದನ್ನು ಉಂಡು, ಸಾಯುವಾಗ ಸಾಯುತ್ತವೆ. ಅದಕ್ಕೇ ಬಂದರಿನ ಆರೋಗ್ಯ ಹೇಗಿದೆ ಎಂದು ತಿಳಿಯಬೇಕಾದರೆ ಈ ಕೆಳಮನೆಯವರನ್ನೇ ವಿಚಾರಿಸಬೇಕು.

ವಿಚಾರಿಸುವ ಬಗೆ ಹೀಗೆ. ದೋಣಿಯಣ್ಣ ಎಂದು ಎಲ್ಲರೂ ಕರೆಯುವ ಒಬ್ಬ ದಪ್ಪ ಮೀಸೆಯವನು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ದವಡೆಯನ್ನು ನೀರಿಗೆ ಬಿಡುತ್ತಾನೆ. ಅದು ತಳ ಮುಟ್ಟಿ, ಕಚ್ಚಿ, ಒಂದು ಬಾಯಿ ಕೆಸರು ತರುತ್ತದೆ. ಆ ಕೆಸರನ್ನು ಜರಡಿಗೆ ಸುರಿದು ಪೈಪಿನ ನೀರಿನಲ್ಲಿ ತೊಳೆದರೆ ಮಣ್ಣು ಹೋಗಿ ಜೀವಿಗಳೂ ಕಸವೂ ಉಳಿಯುತ್ತವೆ. ಅದಕ್ಕೆ ಕೆಡದ ಹಾಗೆ ಔಷಧಿ, ಜೊತೆಗೆ ಒಂದು ಚಿಟಿಕೆ ಗುಲಾಬಿ ಬಣ್ಣದ ಪುಡಿ. ಮಾರನೆಯ ದಿನ ನೋಡಿದರೆ ಜೀವ ಇದ್ದದ್ದೆಲ್ಲ ಗುಲಾಬಿಯಾಗಿರುತ್ತದೆ. ಮರಳು, ಕಲ್ಲು, ಕಸ ಹಾಗೇ ಇರುತ್ತದೆ. ಹುಳದಕ್ಕ ಅದನ್ನು ಬಿಳಿ ತಟ್ಟೆಗೆ ಹಾಕಿಕೊಂಡು, ದೀಪದ ಕೆಳಗೆ ಭೂತಗನ್ನಡಿ ಹಿಡಿದು, ಗುಲಾಬಿಯದನ್ನೆಲ್ಲ ಚಿಮುಟದಿಂದ ಹೆಕ್ಕಿ ಸೀಸೆಗೆ ಹಾಕಬೇಕು. ವರ್ಷಗಟ್ಟಲೆ ಇದನ್ನೇ ಮಾಡಿ ಅವಳ ಬೆರಳ ತುದಿಯೂ ಗುಲಾಬಿಯೇ. "ನೇಲ್ ಪಾಲಿಶ್ ಖರ್ಚು ಉಳೀತು ಬಿಡು" ಎಂದು ದೋಣಿಯಣ್ಣ ರೇಗಿಸುತ್ತಿದ್ದ.

ಆ ಕಣ್ಣಿಗೆ ಒಂದು ಅಭ್ಯಾಸ ಬಿದ್ದಿತ್ತು. ಗುಲಾಬಿಯಲ್ಲದ್ದು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಈ ಮಾತು ನೆನಪಿನಲ್ಲಿಟ್ಟುಕೊಳ್ಳಿ.

ಅವಳ ಗಂಡ ನೀರಿಗಿಳಿಯುವವನು. ಗಾಳಿಯ ಸಿಲಿಂಡರ್ ಬೆನ್ನಿಗೆ ಹೊತ್ತು, ಪ್ರವಾಸಿ ಹಡಗುಗಳ ಹೊಟ್ಟೆಗೆ ಅಂಟಿದ ಪಾಚಿ, ಚಿಪ್ಪು ಕೆರೆದು ತೆಗೆಯುವುದು ಅವನ ಕೆಲಸ. ಒಬ್ಬ ಗುತ್ತಿಗೆದಾರ ಕರೆಸುತ್ತಿದ್ದ, ಇವನು ಹೋಗುತ್ತಿದ್ದ. ನಗುಮುಖದವನು, ಮಾತಿನ ಮಲ್ಲ. ಆದರೆ ಒಂದು ಹುಚ್ಚು: ಆ ಬಿಳಿ ಹಡಗುಗಳ ತಳ ಮಾತ್ರ ನೋಡಿ ಸಾಕಾಗಿದೆ, ಮೇಲೆ ಹತ್ತಿ ಒಮ್ಮೆ ಲೋಕ ಸುತ್ತಬೇಕು. "ಅಡುಗೆಮನೆಯಲ್ಲಿ ಪಾತ್ರೆ ತೊಳೆಯೋ ಕೆಲಸ ಕೊಟ್ರೂ ಸರಿ, ಒಂದು ದಿನ ಹತ್ತಿ ಹೊರಟುಹೋಗ್ತೀನಿ ನೋಡು" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ಒಂದು ರಾತ್ರಿ ಅದೇ ರಾಗ ಎಳೆದಾಗ ಅವಳಿಗೆ ರೇಗಿತು.

"ಹೋಗಿ. ಹಡಗು ಹತ್ತಿ ಹೋಗಿ. ಇಲ್ಲಿ ನಿಮ್ಮನ್ನ ಯಾರು ಕಟ್ಟಿ ಹಾಕಿದಾರೆ?"

ಆಡಿದ್ದು ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವತ್ತು ಮಲಗಿದ ಮೇಲೂ ಮುಗಿಯಲಿಲ್ಲ. ಬೆಳಿಗ್ಗೆ ಅವಳು ಮುಖ ಊದಿಸಿಕೊಂಡು ಒಲೆಯ ಮುಂದೆ ನಿಂತಿದ್ದಳು. ಊಟದ ಮೇಜಿನ ಹತ್ತಿರ ಮಗಳು, ಆಗ ಒಂದನೇ ಕ್ಲಾಸಿನ ಹುಡುಗಿ, ನೀಲಿ ಮಣಿಗಳನ್ನು ಮೀನಿನ ಗಾಳದ ದಾರಕ್ಕೆ ಪೋಣಿಸಿ ಅಪ್ಪನ ಮುಂಗೈಗೆ ಒಂದು ಪಟ್ಟಿ ಮಾಡುತ್ತಿತ್ತು. ಪೋಣಿಸಿಯೇನೋ ಆಯಿತು, ಕೊಂಡಿ ಬೇಕಲ್ಲ? ಅಜ್ಜಿಯ ಸ್ವೆಟರ್ ಕುರ್ಚಿಯ ಮೇಲಿತ್ತು. ಅಜ್ಜಿ ತಾನೇ ಹೆಣೆದು, ಊರೆಲ್ಲ ಹುಡುಕಿ ಹೂವಿನ ಆಕಾರದ ಹಸಿರು ಗುಂಡಿಗಳನ್ನು ತಂದು ಹೊಲಿದಿದ್ದ ಸ್ವೆಟರ್ ಅದು. ಹುಡುಗಿ ಕತ್ತರಿ ತಗೊಂಡು ಎದೆಯ ಹತ್ತಿರದ ಗುಂಡಿಯನ್ನೇ ಕಚಕ್ ಎನಿಸಿತು!

"ಅಯ್ಯೋ ಮುಂಡೇದೆ! ನನ್ನ ಗುಂಡಿ!" ಅಜ್ಜಿ ಬೊಬ್ಬೆ ಹೊಡೆದಳು.

ಅವನು ಬಿದ್ದು ಬಿದ್ದು ನಕ್ಕ. ಕೈ ಮುಂದೆ ಚಾಚಿ ಮಗಳ ಹತ್ತಿರ ಪಟ್ಟಿ ಕಟ್ಟಿಸಿಕೊಂಡ. "ಮಗು ಮೇಲೆ ಯಾಕಮ್ಮ ಕೂಗ್ತೀಯ? ಸಂಜೆ ಬರುವಾಗ ಗುಂಡಿ ತರ್ತೀನಿ ಬಿಡು."

"ಇಂಥದೇ ತರ್ಬೇಕು. ಹೂವಿಂದು."

"ಹೂವಿಂದೇ ತರ್ತೀನಿ ಮಾರಾಯ್ತಿ."

ಹೆಂಡತಿಯ ಕಡೆ ಒಮ್ಮೆ ನೋಡಿದ. ಅವಳು ತಿರುಗಲಿಲ್ಲ. ಚಹಾ ಲೋಟ ಮೇಜಿನ ಮೇಲೇ ಉಳಿಯಿತು. ಅವನು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲು ಇಳಿದು ಹೋದ. ಹೋದವನು ಸಂಜೆ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ.

ಹುಡುಕಿಸಿದರು. ಬಂದರು ಕಚೇರಿಯವರು ಗುತ್ತಿಗೆದಾರನನ್ನು ಕರೆದು ಕೇಳಿದರು. ಆತ ಒಂಚೂರೂ ತಡವರಿಸದೆ ಹೇಳಿದ: "ಅವತ್ತು ಅವನು ಕೆಲಸಕ್ಕೇ ಬರಲಿಲ್ಲ ಸ್ವಾಮಿ. ನೀರಿಗೆ ಇಳಿದೇ ಇಲ್ಲ. ಚೀಲ ಹೆಗಲಿಗೆ ಹಾಕ್ಕೊಂಡು ಹಡಗಿನ ಏಣಿ ಹತ್ತೋದನ್ನ ನಾನೇ ಕಣ್ಣಾರೆ ನೋಡಿದೀನಿ." ಆ ಹಡಗು ಅವತ್ತು ಹೊತ್ತಿಗೆ ಮುಂಚೆಯೇ ಹೊರಟುಹೋಗಿತ್ತು. ನೀರಿನಲ್ಲಿ ಶವ ಸಿಗಲಿಲ್ಲ. ಸಿಲಿಂಡರೂ ಸಿಗಲಿಲ್ಲ. ಮುಗಿಯಿತಲ್ಲ!

ಊರ ಬಾಯಿಗೆ ಇನ್ನೇನು ಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅಡುಗೆಮನೆ ಕೆಲಸಕ್ಕೆ ಹೋದ ಎಂದು ಒಬ್ಬ, ಯಾವಳೋ ಪ್ರವಾಸಿ ಹೆಂಗಸಿನ ಹಿಂದೆ ಹೋದ ಎಂದು ಇನ್ನೊಬ್ಬ. ಆ ಹೆಂಗಸಿನ ಕೂದಲು ಯಾವ ಬಣ್ಣದ್ದು ಎನ್ನುವುದನ್ನೂ ಹೇಳುವವರಿದ್ದರು. ನನಗೆ ಸಿಟ್ಟು ಬರುವುದೇ ಇಂಥವರನ್ನು ಕಂಡರೆ. ಕೆಸರಿನ ಹುಳುವಿಗೆ ಬೆನ್ನುಮೂಳೆ ಇಲ್ಲ, ನಿಜ. ಆದರೆ ಅದಕ್ಕೆ ನಾಲಿಗೆಯೂ ಇಲ್ಲ, ಪುಣ್ಯ.

ಮನೆಯೊಳಗೆ ಮೂವರು ಮೂರು ದಾರಿ ಹಿಡಿದರು. ಅತ್ತೆಗೆ ಗುತ್ತಿಗೆದಾರನ ಮಾತೇ ಅಮೃತ. ಮಗ ಹಡಗು ಹತ್ತಿದ್ದಾನೆ ಅಂದರೆ ಬದುಕಿದ್ದಾನೆ ಅಂತ ತಾನೆ? ಹೆತ್ತವರಿಗೆ ಹೆಗ್ಗಣ ಮುದ್ದು. ಓಡಿಹೋದ ಹೆಗ್ಗಣವಾದರೂ ಸರಿ, ಉಸಿರಾಡಿಕೊಂಡಿದ್ದರೆ ಸಾಕು. "ನನ್ನ ಮಗ ಲೋಕ ನೋಡ್ತಿದಾನೆ. ನೋಡಿ ಸಾಕಾದ ಮೇಲೆ ಬರ್ತಾನೆ" ಎಂದು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಬರುವ ಪ್ರತಿ ಬಿಳಿ ಹಡಗನ್ನೂ ನೋಡುತ್ತ ಕೂತಳು. ಸ್ವೆಟರಿಗೆ ಬೇರೆ ಗುಂಡಿ ಹೊಲಿಯಲು ಬಿಡಲೇ ಇಲ್ಲ. ಸೊಸೆ ಒಮ್ಮೆ ಸುಮ್ಮನೆ ಬಿಳಿ ಗುಂಡಿಯೊಂದನ್ನು ತಂದರೆ, "ತೆಗೆದಿಡು ಅತ್ಲಾಗೆ. ಅವನು ತರ್ತೀನಿ ಅಂದಿದಾನೆ" ಎಂದು ತಳ್ಳಿದಳು. ಎದೆಯ ಹತ್ತಿರ ಆ ಜಾಗ ಬಾಯಿ ಬಿಟ್ಟುಕೊಂಡೇ ಇತ್ತು. ಅಲ್ಲಿಂದ ಗಾಳಿ ನುಗ್ಗಿ ಚಳಿಗಾಲದಲ್ಲಿ ಕೆಮ್ಮು ಹಿಡಿಯುತ್ತಿತ್ತು, ಆದರೂ ಹಾಗೇ.

ಮಗಳು ದೊಡ್ಡವಳಾಗುತ್ತ ಅಪ್ಪನ ಹೆಸರೇ ಎತ್ತದಾದಳು. ಶಾಲೆಯಲ್ಲಿ ಯಾರೋ "ನಿಮ್ಮಪ್ಪ ಓಡಿಹೋದೋನಲ್ವಾ" ಎಂದರಂತೆ. ಅವತ್ತು ಮನೆಗೆ ಬಂದು ಮಣಿಗಳ ಡಬ್ಬಿ ತೆಗೆದುಕೊಂಡು ಹೋಗಿ ಕಸದ ತೊಟ್ಟಿಗೆ ಸುರಿದಳು. ಒಂದು ಹನಿ ಕಣ್ಣೀರಿಲ್ಲ.

ಇನ್ನು ಹುಳದಕ್ಕ. ಅವಳ ಪಾಡು ಯಾರಿಗೂ ಬೇಡ. ಸತ್ತಿದ್ದಾನೆ ಎಂದು ಅಳೋಣವೆಂದರೆ ಸಿಟ್ಟು ಬರುತ್ತಿತ್ತು, ಬಿಟ್ಟುಹೋದ ಎಂದು ಸಿಟ್ಟಾಗೋಣವೆಂದರೆ ಅಳು ಬರುತ್ತಿತ್ತು. ಎಲ್ಲಕ್ಕಿಂತ ಕೆಳಗೆ, ಯಾರಿಗೂ ಹೇಳದ ಒಂದು ಮುಳ್ಳು: ಹೋಗಿ ಎಂದವಳು ತಾನೇ. ಹೋಗು ಎಂದದ್ದಕ್ಕೇ ಹೋದನೇ? ಬೇರೇನೂ ಬೇಕಿರಲಿಲ್ಲ ಅವಳಿಗೆ. ಸತ್ತನೋ ಬಿಟ್ಟನೋ, ಅದೊಂದು ಗೊತ್ತಾದರೆ ಸಾಕಿತ್ತು.

ಪ್ರಯೋಗಾಲಯದ ಮೇಡಂ ಒಳ್ಳೆಯ ಹೆಂಗಸು. ಹುಳದಕ್ಕನ ಗಂಡ ಬಿಡುವಿದ್ದಾಗ ಅವರಿಗೂ ಕೆಸರು ತಂದುಕೊಡುತ್ತಿದ್ದನಂತೆ, ಆ ಪರಿಚಯಕ್ಕೆ ಇವಳನ್ನು ಕರೆದು ಮೊದಲು ನೆಲ ಒರೆಸುವ ಕೆಲಸ ಕೊಟ್ಟರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಜೀವಿಯ ಗುರುತು ಹೇಳಿಕೊಟ್ಟು, ತಟ್ಟೆಯ ಮುಂದೆ ಕೂರಿಸಿದರು. ಮೊದಲ ದಿನ ಹುಳ ನೋಡಿ ವಾಂತಿ ಮಾಡಿಕೊಂಡವಳು ಆರು ತಿಂಗಳಲ್ಲಿ ಅವುಗಳನ್ನು ಬಯ್ಯುತ್ತ, ಮುದ್ದು ಮಾಡುತ್ತ ಹೆಕ್ಕತೊಡಗಿದಳು.

ಮೊದಮೊದಲು ಅವಳು ಹುಡುಕುತ್ತಿದ್ದಳು. ದೊಡ್ಡ ಹಡಗು ನಿಲ್ಲುವ ಜೆಟ್ಟಿಯ ಕೆಸರು ಬಂತೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅವನ ಚಾಕು, ಬೆಲ್ಟಿನ ಕೊಂಡಿ, ಏನಾದರೂ. ಆದರೆ ಆ ಜಾಗದಲ್ಲಿ ಏನಿರುತ್ತಿತ್ತು? ಹಡಗು ಬಂದಾಗಲೊಮ್ಮೆ ಹೋದಾಗಲೊಮ್ಮೆ ಅದರ ನೀರೊಳಗಿನ ಫ್ಯಾನಿನಂಥ ರೆಕ್ಕೆಗಳು ತಿರುಗಿ ತಳವನ್ನೆಲ್ಲ ಗುಡಿಸಿ ಹಾಕುತ್ತಿದ್ದವು. ಬರೀ ಬೋಳು ಜೇಡಿ. ಅಲ್ಲಲ್ಲಿ ಕೆಂಪು ದಾರದಂಥ ಹುಳ, ಕೊಳಕು ನೀರಿನಲ್ಲೂ ಬದುಕುವ ಜಾತಿ, ಅಷ್ಟೇ. ತಟ್ಟೆ ಖಾಲಿ, ಅವಳ ಕೈಯೂ ಖಾಲಿ. ಎಷ್ಟು ದಿನ ಅಂತ ಹುಡುಕುವುದು? ಒಂದು ದಿನ ಹುಡುಕುವುದು ನಿಂತಿತು. ಯಾವಾಗ ನಿಂತಿತೆಂದು ಅವಳಿಗೇ ಗೊತ್ತಾಗಲಿಲ್ಲ.

ವರ್ಷಗಳು ಕಳೆದವು. ಹಡಗುಗಳು ಇನ್ನೂ ದೊಡ್ಡವಾದವು. ಹಳೆಯ ಜೆಟ್ಟಿ ಸಾಲದೆ ಆಚೆ ಹೊಸದು ಕಟ್ಟಿದರು. ಹಳೆಯದರ ಹತ್ತಿರ ಗದ್ದಲ ನಿಂತಿತು. ಆಗ ಮೇಡಂಗೆ ಎಲ್ಲಿಲ್ಲದ ಉತ್ಸಾಹ. "ನೋಡ್ತಾ ಇರಿ, ಈಗ ಕೆಳಗೆ ಜೀವ ಬರುತ್ತೆ. ಹಾಳಾದ ಜಾಗಕ್ಕೆ ಮೊದಲು ಬರೋರು ಬಡವರು, ಆಮೇಲೆ ಮನೆ ಕಟ್ಟೋರು." ಹಾಗೇ ಆಯಿತು. ಮೊದಲು ಕೆಂಪು ದಾರಗಳು ರಾಶಿ ರಾಶಿ. ಆಮೇಲೆ ಪುಟ್ಟ ಚಿಪ್ಪುಗಳು. ಕೊನೆಗೊಂದು ವರ್ಷ ಬಂದಳು ಸಿಂಗಾರಿ.

ಸಿಂಗಾರಿ ಎಂದು ಹೆಸರಿಟ್ಟವಳು ಹುಳದಕ್ಕನೇ. ಬೆರಳುದ್ದದ ಹುಳು, ಮೈಯಿಂದಲೇ ಅಂಟು ತೆಗೆದು ಕೆಸರಿನಲ್ಲಿ ಕೊಳವೆಯಂಥ ಮನೆ ಕಟ್ಟಿಕೊಳ್ಳುತ್ತದೆ. ಕಟ್ಟಿ ಸುಮ್ಮನಿರುತ್ತದೆಯೇ? ಮನೆಯ ಮೇಲ್ತುದಿಗೆ ಚಿಪ್ಪಿನ ಚೂರು, ಗಾಜು, ಕಡ್ಡಿ, ಸಿಕ್ಕಿದ್ದನ್ನೆಲ್ಲ ಅಂಟಿಸಿ ಅಲಂಕಾರ. ಪ್ರವಾಸಿಗರ ಬಂದರು ಬೇರೆ! ಪ್ರವಾಸಿ ದೋಣಿಗಳು ನಿಲ್ಲುವ ದೋಣಿ ಜೆಟ್ಟಿಯಲ್ಲಿ ಮೊದಲಿಂದಲೂ ಇದ್ದ ಸಿಂಗಾರಿಯರ ಮನೆಯ ಮೇಲೆ ಮಿನುಗುಬಿಲ್ಲೆ, ಪ್ಲಾಸ್ಟಿಕ್ ಚೂರು, ಮಣಿಸರದ ಅಂಗಡಿಯಿಂದ ಉದುರಿದ ಬಣ್ಣಬಣ್ಣದ ಮಣಿ. "ಇವಳ ವೈಯಾರ ನೋಡು, ಉಡಲಿಕ್ಕಿಲ್ಲ ತೊಡಲಿಕ್ಕಿಲ್ಲ, ಬಾಗಿಲಿಗೆ ಮಾತ್ರ ತೋರಣ!" ಎಂದು ಹುಳದಕ್ಕ ನಗುತ್ತಿದ್ದಳು.

ನಕ್ಕು ಏನು ಮಾಡುತ್ತಿದ್ದಳು? ಕೊಳವೆ ಸೀಳಿ, ಗುಲಾಬಿ ಹುಳುವನ್ನು ಸೀಸೆಗೆ ಹಾಕಿ, ಕೊಳವೆಯನ್ನು ಕಾಲ ಬಳಿಯ ಬಕೆಟ್ಟಿಗೆ ಎಸೆಯುತ್ತಿದ್ದಳು. ಲೆಕ್ಕಕ್ಕೆ ಬರುವುದು ಮನೆಯಲ್ಲಿದ್ದವರು, ಮನೆಯಲ್ಲ. ಸಂಜೆ ದೋಣಿಯಣ್ಣ ಆ ಬಕೆಟ್ಟನ್ನು ತೊಳೆದು ಮೆಟ್ಟಿಲ ಬಳಿ ನೀರಿಗೆ ಸುರಿಯುತ್ತಿದ್ದ. ಆ ಕೆಲಸದವರೆಲ್ಲ ಮಾಡುವುದೇ ಹಾಗೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಹಳೆಯ ಜೆಟ್ಟಿಯ ಸಿಂಗಾರಿಯರ ತಟ್ಟೆ ಅವಳ ಮುಂದೆ ಬಂದ ಆ ಮಧ್ಯಾಹ್ನ ಹೊರಗೆ ಪ್ರವಾಸಿಗರ ಗಲಾಟೆ ಜೋರಾಗಿತ್ತು. ಹಾಡು, ಹಾರ್ನ್, ಮಕ್ಕಳ ಕೂಗು. ಅವಳು ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು. ಒಂದು ಕೊಳವೆಯ ಮೇಲೆ ನೀಲಿ ಮಣಿ. ಸೀಳಿದಳು, ಎಸೆದಳು. ಇನ್ನೊಂದರ ಮೇಲೆ ಎರಡು ನೀಲಿ ಮಣಿ. "ಓಹೋ, ಇಲ್ಲಿಗೂ ಬಂತಾ ಅಂಗಡಿ ಮಾಲು" ಎಂದುಕೊಂಡು ಅದನ್ನೂ ಎಸೆದಳು. ಮತ್ತೊಂದರ ತುದಿಗೆ ಏನೋ ಚಪ್ಪಟೆಯದು ಅಂಟಿತ್ತು. ಗುಲಾಬಿಯಲ್ಲ, ಕಣ್ಣು ದಾಟಿಹೋಯಿತು. ಸೀಳು, ಹೆಕ್ಕು, ಎಸೆ. ದೋಣಿಯಣ್ಣ ಬಂದು, "ಇವತ್ತು ಬೇಗ ಹೋಗ್ಬೇಕು ಮಾರಾಯ್ತಿ, ಹೆಂಡತಿ ಬಾಗಿಲಲ್ಲಿ ಕಾಯ್ತಿರ್ತಾಳೆ" ಎಂದು ಬಕೆಟ್ ಎತ್ತಿಕೊಂಡು ಹೋದ.

ಅವಳು ಇನ್ನೂ ಎರಡು ಮೂರು ಹುಳು ತೆಗೆದಳು. ಆಮೇಲೆ ಕೈ ನಿಂತಿತು. ಚಪ್ಪಟೆಯದು. ಹಸಿರು. ಅಂಚು ನೇರವಾಗಿರಲಿಲ್ಲ. ಎಸಳು ಎಸಳಾಗಿತ್ತು.

"ಅಯ್ಯೋ!"

ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಓಡಿದಳು. ಆ ವಯಸ್ಸಿನ, ಆ ಮೈಯ ಹೆಂಗಸು, ಫೋಟೋ ತೆಗೆಯುವ ಜನರ ನಡುವೆ ನುಗ್ಗಿ, ಐಸ್‌ಕ್ರೀಮ್ ಗಾಡಿಗೆ ಡಿಕ್ಕಿ ಹೊಡೆದು, "ದೋಣಿಯಣ್ಣಾ, ಸುರೀಬೇಡ! ಸುರೀಬೇಡ!" ಎಂದು ಕೂಗುತ್ತ ಓಡಿದಳು. ದೋಣಿಯಣ್ಣ ಮೆಟ್ಟಿಲ ಮೇಲೆ ನಿಂತು ಬಕೆಟ್ ಒದರುತ್ತಿದ್ದ. ಆಗಲೇ ಖಾಲಿ.

"ಯಾಕೆ ಹುಳದಕ್ಕ, ಏನಾಯ್ತು? ಉಂಗುರ ಬಿತ್ತಾ?"

ಅವಳು ಚಪ್ಪಲಿ ಸಮೇತ ಮೆಟ್ಟಿಲು ಇಳಿದು, ಮೊಣಕಾಲಷ್ಟು ನೀರಿನಲ್ಲಿ ಕೂತು ಎರಡೂ ಕೈಯಲ್ಲಿ ತಡಕತೊಡಗಿದಳು. ಪುಣ್ಯಕ್ಕೆ ನೀರು ಇಳಿದಿದ್ದ ಹೊತ್ತು. ಸುರಿದದ್ದೆಲ್ಲ ಕೆಳಗಿನ ಮೆಟ್ಟಿಲ ಪಾಚಿಗೆ ಸಿಕ್ಕಿಕೊಂಡಿತ್ತು. ಒಡೆದ ಕೊಳವೆಗಳು, ಚಿಪ್ಪು, ಕಸ. ಏನೂ ಅರ್ಥವಾಗದಿದ್ದರೂ ದೋಣಿಯಣ್ಣ ಪ್ಯಾಂಟು ಮಡಚಿಕೊಂಡು ಅವಳ ಪಕ್ಕ ಇಳಿದ. "ಎಂಥದು ಅಂತನಾದ್ರೂ ಹೇಳು."

"ಹಸಿರು... ಹಸಿರು ಹೂವು."

ಅದನ್ನು ಕಂಡವನು ಅವನೇ. ಸೀಳಿದ ಕೊಳವೆಯ ತುದಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದ ಹಸಿರು ಗುಂಡಿ, ಐದು ಎಸಳು. ಅದರ ತೂತಿನಲ್ಲಿ ಗಾಳದ ದಾರದ ಒಂದು ತುಂಡು ಇನ್ನೂ ಇತ್ತು. ಗಂಟು ಹಾಕಿದ್ದ ರೀತಿ ನೋಡಿದರೆ ಗೊತ್ತಾಗುತ್ತಿತ್ತು, ಗಂಟು ಹಾಕಲು ಬಾರದ ಮಗುವಿನ ಕೈ ಅದು. ಗಂಟಿನ ಮೇಲೆ ಗಂಟು.

ಮೇಡಂ ಅದನ್ನು ದೀಪದ ಕೆಳಗಿಟ್ಟು ತುಂಬ ಹೊತ್ತು ನೋಡಿದರು. ಹುಳದಕ್ಕ ಒದ್ದೆ ಬಟ್ಟೆಯಲ್ಲೇ ನಿಂತು ಎಲ್ಲ ಹೇಳಿದಳು. ಆ ಬೆಳಗಿನ ಮಣಿ, ಕತ್ತರಿ, ಗುಂಡಿ, ನಗು. ತಾನು ಆಡಿದ ಮಾತನ್ನೂ ಹೇಳಿದಳು, ಮೊದಲ ಸಲ.

"ಮೇಡಂ, ಈ ಹುಳು ಇದನ್ನ ದೂರದಿಂದ ತಂದಿರಬಹುದಾ? ದೋಣಿ ಜೆಟ್ಟಿ ಕಡೆಯಿಂದ?"

"ಇಲ್ಲಮ್ಮ. ಇದು ಮನೆ ಬಿಟ್ಟು ಎಲ್ಲೂ ಹೋಗಲ್ಲ. ತಲೆ ಮಾತ್ರ ಹೊರಗೆ ಹಾಕಿ, ಒಂದು ಗೇಣಿನೊಳಗೆ ಸಿಕ್ಕಿದ್ದನ್ನ ಎಳ್ಕೊಳ್ಳುತ್ತೆ. ಗುಂಡಿ ಅಲ್ಲೇ ಜೇಡಿಯಲ್ಲಿ ಹೂತಿತ್ತು. ಹಡಗಿನ ಹೊಟ್ಟೆ ಕೆಳಗೆ." ಮೇಡಂ ಗುಂಡಿಯನ್ನು ತಿರುಗಿಸಿ ನೋಡಿದರು. "ಆದ್ರೆ ಇದು ಅದೇ ಗುಂಡಿ ಅಂತ ನಾನು ಹೇಳೋಕಾಗಲ್ಲ. ಇದರ ಜೊತೆಯ ಗುಂಡಿಗಳು ಎಲ್ಲಿವೆ?"

"ನಮ್ಮತ್ತೆ ಎದೆ ಮೇಲೆ."

ದೋಣಿಯಣ್ಣ ಬಾಗಿಲಿಗೊರಗಿ ನಿಂತಿದ್ದವನು ಮೀಸೆ ಒರೆಸಿಕೊಂಡ. "ಆ ಹಡಗು ಅವತ್ತು ಹೊತ್ತಿಗೆ ಮುಂಚೆ ಹೊರಟಿತ್ತು" ಎಂದ. ಕೆಳಗೆ ಮನುಷ್ಯ ಇದ್ದಾನೆಂದು ಹೇಳಬೇಕಾದವನು ಹೇಳಲಿಲ್ಲ, ಮೇಲಿನವರು ಇಂಜಿನ್ ಹಾಕಿದರು. ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಗುತ್ತಿಗೆದಾರ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಎಲ್ಲಿದ್ದಾನೋ, ಹೇಗಿದ್ದಾನೋ, ಹಾಳಾಗಿ ಹೋಗಲಿ.

ಮನೆಗೆ ಹೋಗುವ ದಾರಿ ಅವಳಿಗೆ ಅವತ್ತು ಮುಗಿಯಲೊಲ್ಲದು. ಮುಷ್ಟಿಯೊಳಗೆ ಗುಂಡಿ. ಇಷ್ಟು ವರ್ಷ ಬೇಕೆಂದು ಹಂಬಲಿಸಿದ ಉತ್ತರ ಸಿಕ್ಕಿತ್ತು. ಅವನು ಬಿಟ್ಟುಹೋಗಲಿಲ್ಲ. ಹೋಗು ಎಂದದ್ದಕ್ಕೆ ಹೋಗಲಿಲ್ಲ. ಚಹಾ ಕುಡಿಯದೆ ಹೋದರೂ ಹೋದದ್ದು ಕೆಲಸಕ್ಕೆ, ಮಗಳು ಕಟ್ಟಿದ ಪಟ್ಟಿಯನ್ನು ಬಿಚ್ಚದೆಯೇ ನೀರಿಗಿಳಿದಿದ್ದ. ಸಂಜೆ ಮನೆಗೆ ಬರುವವನಿದ್ದ. ಅವಳಿಗೆ ಹಗುರವಾಯಿತು, ನಾಚಿಕೆಯೂ ಆಯಿತು. ಗಂಡ ಸತ್ತದ್ದು ಗೊತ್ತಾಗಿ ಯಾರಿಗಾದರೂ ಹಗುರವಾಗುತ್ತದೆಯೇ? ಮೇಲಿಂದ ಇನ್ನೊಂದು ಸಂಕಟ. ತನ್ನ ಎದೆಯ ಮುಳ್ಳು ಕೀಳಬೇಕಾದರೆ ಅದನ್ನು ಆ ಮುದುಕಿಯ ಎದೆಗೆ ಚುಚ್ಚಬೇಕು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವಳು ಬದುಕಿದ್ದೇ ಆ ಒಂದು ಸುಳ್ಳಿನ ಮೇಲೆ. ಅತ್ತೆ ಮಲಗಿದ ಮೇಲೆ ಸ್ವೆಟರ್ ತೆಗೆದು ಹೋಲಿಸಿ ನೋಡಿ, ಮಗಳಿಗೆ ಮಾತ್ರ ಹೇಳಿದರಾಯಿತು ಎಂದು ಲೆಕ್ಕ ಹಾಕಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬಡವಿಯ ಲೆಕ್ಕ.

ಬಾಗಿಲು ತೆರೆದವಳು ಮಗಳು. "ಅಮ್ಮಾ, ಯಾಕೆ ಒದ್ದೆ? ನೀರಿಗೆ ಬಿದ್ಯಾ?"

"ಇಲ್ಲ ಕಣೆ. ಜಾರಿತು."

"ಕೈಯಲ್ಲಿ ಏನದು?"

ಹುಳದಕ್ಕ ಮುಷ್ಟಿ ಬಿಗಿಹಿಡಿದಳು. ಆದರೆ ಮಗಳು ಹಿಡಿದುಕೊಂಡಾಗ ಅದು ತಾನಾಗಿ ಬಿಚ್ಚಿಕೊಂಡಿತು. ಹುಡುಗಿ ನೋಡಿದಳು. ಗಂಟಿನ ಮೇಲಿನ ಗಂಟನ್ನು ಉಗುರಿನಿಂದ ಮುಟ್ಟಿದಳು.

"ಇದು ನಾನು ಹಾಕಿದ್ದು. ಬಿಚ್ಚಿಹೋಗಬಾರದು ಅಂತ ಮತ್ತೆ ಮತ್ತೆ ಹಾಕಿದ್ದೆ." ದನಿ ಇಳಿಯಿತು. "ಎಲ್ಲಿ ಸಿಕ್ತು?"

"ಹಳೇ ಜೆಟ್ಟಿ ಕೆಳಗೆ. ಕೆಸರಲ್ಲಿ."

"ಹಾಗಾದ್ರೆ ಅಪ್ಪ..."

"ಅಪ್ಪ ಎಲ್ಲಿಗೂ ಹೋಗ್ಲಿಲ್ಲ ಮಗಾ. ಕೆಲಸಕ್ಕೆ ಹೋಗಿದ್ರು, ಅಷ್ಟೇ."

ಹುಡುಗಿ ಗೋಡೆಗೆ ಒರಗಿ ಕೂತಳು. ಓಡಿಹೋದವನ ಮಗಳು ಎಂದು ಇಷ್ಟು ವರ್ಷ ತಲೆ ತಗ್ಗಿಸಿಕೊಂಡು ನಡೆದವಳು, ಗಟ್ಟಿಯಾಗಿ "ಅಪ್ಪಾ" ಎಂದಳು. ಆ ಶಬ್ದ ಆ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಒಳಗಿನಿಂದ ಕುರ್ಚಿ ಕಿರುಗುಟ್ಟಿತು.

"ಯಾರೇ ಅದು? ಯಾರು ಬಂದ್ರು? ಅಪ್ಪಾ ಅಂದ್ಯಲ್ಲ, ಬಂದ್ನಾ?"

ಇನ್ನು ಮುಚ್ಚಿಡುವುದು ಎಲ್ಲಿಂದ ಬಂತು? ಹುಳದಕ್ಕ ಒಳಗೆ ಹೋದಳು. ಅತ್ತೆ ಕಿಟಕಿಯ ಹತ್ತಿರ ಅದೇ ಸ್ವೆಟರ್ ತೊಟ್ಟು ಕೂತಿದ್ದಳು. ಹೊಸ ಜೆಟ್ಟಿಯಲ್ಲಿ ಬಿಳಿ ಹಡಗೊಂದು ನಿಂತಿತ್ತು, ಅದರ ದೀಪಗಳು ಆಗ ತಾನೆ ಹತ್ತುತ್ತಿದ್ದವು. ಸೊಸೆ ನೆಲದ ಮೇಲೆ ಕೂತು, ಅತ್ತೆಯ ಅಂಗೈ ಬಿಡಿಸಿ, ಗುಂಡಿಯನ್ನು ಇಟ್ಟು, ಬೆರಳುಗಳನ್ನು ಮಡಚಿದಳು.

ಮುದುಕಿಗೆ ಕಣ್ಣು ಮಂಜು. ಬೆರಳಿನಿಂದಲೇ ಸವರಿದಳು. ಒಂದೊಂದೇ ಎಸಳು. ಇನ್ನೊಂದು ಕೈಯಿಂದ ಸ್ವೆಟರಿನ ಮೇಲಿನ ಗುಂಡಿಯನ್ನು ಸವರಿದಳು, ಮತ್ತೆ ಕೈಯಲ್ಲಿದ್ದದ್ದನ್ನು. ಅದರ ಮೇಲೆ ಅಂಟಿದ್ದ ಮರಳು ಬೆರಳಿಗೆ ತಾಗಿತು.

"ನೀರಿಂದಾ?"

"ಹೂಂ ಅತ್ತೆ."

"ಅವತ್ತಿಂದೇನಾ?"

"ಹೂಂ."

ಸೊಸೆ ಕಾಯುತ್ತಿದ್ದಳು: ಈಗ ಕೂಗುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಸುಳ್ಳು ಎನ್ನುತ್ತಾಳೆ. ಮುದುಕಿ ಗುಂಡಿಯನ್ನು ಮುಖದ ಹತ್ತಿರ ತಂದು ಮೂಸಿದಳು, ಕೆನ್ನೆಗೆ ಒತ್ತಿಕೊಂಡಳು.

"ತರ್ತೀನಿ ಅಂದಿದ್ದ" ಎಂದಳು. "ತಂದ."

ಹುಳದಕ್ಕ ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಸಿಟ್ಟಿಲ್ಲದ ಅಳು, ಇಷ್ಟು ವರ್ಷಗಳಲ್ಲಿ ಮೊದಲನೆಯದು. ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟು ಹೊರಗೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೊಮ್ಮಗಳನ್ನು ಕರೆದಳು.

"ಬಾರೇ ಇಲ್ಲಿ. ಸೂಜಿಗೆ ದಾರ ಹಾಕ್ಕೊಡು."

ಹುಡುಗಿ ಕಣ್ಣೊರೆಸಿಕೊಳ್ಳುತ್ತ ದಾರ ಪೋಣಿಸಿಕೊಟ್ಟಳು. ಮರಳು ಕೆರೆದು ಕೊಡಲೇ ಎಂದು ಸೊಸೆ ಕೇಳಿದರೆ, "ಬೇಡ, ಇರಲಿ" ಎಂದಳು. ಯಾರ ಕೈಗೂ ಕೊಡದೆ, ತಡವಿ ತಡವಿ, ಎರಡು ಸಲ ಬೆರಳಿಗೆ ಚುಚ್ಚಿಕೊಂಡು ತಾನೇ ಹೊಲಿದಳು. ಮೊಮ್ಮಗಳು ಕಟ್ಟಿದ್ದ ಗಂಟನ್ನು ಕೀಳಲಿಲ್ಲ, ಅದರ ಪಕ್ಕದ ತೂತಿನಲ್ಲೇ ದಾರ ತೂರಿಸಿದಳು. ದಾರವನ್ನು ಹಲ್ಲಿನಿಂದ ಕಡಿದು, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದು ಎದೆಯ ಹತ್ತಿರದ್ದನ್ನೂ ಹಾಕಿಕೊಂಡಳು.

ಹೊರಗೆ ಬಿಳಿ ಹಡಗು ಹಾರ್ನ್ ಮಾಡಿತು. ಮುದುಕಿ ಅತ್ತ ತಿರುಗಲಿಲ್ಲ.

"ಕಿಟಕಿ ಹಾಕೇ" ಎಂದಳು ಸೊಸೆಗೆ. "ಗಾಳಿ ಬರ್ತಿದೆ."